ಕಚ್ಚಾ ಹೊಲಿಗೆಯ ದೋಣಿ

ಇಂಗ್ಲಿಷರು ನಮ್ಮಿಂದ ಪಡೆದುಕೊಂಡ ಪದಗಳ ಪಟ್ಟಿಯನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಶಾಂಪೂ, ಬಂಗಲೆ, ಪೈಜಾಮ ಎಲ್ಲರಿಗೂ ಗೊತ್ತಿರುವಂಥವು. ಕಟ್ಟುಮರ ತಮಿಳಿನಿಂದ ಹೋಯಿತು; ತೆಂಗಿನ ನಾರಿಗೆ ಅವರು ಹೇಳುವ 'ಕಾಯರ್' ಮಲಯಾಳದಿಂದ ಹೋಯಿತು. ಈ ಪಟ್ಟಿಗೆ ನಾನು ತಪ್ಪದೆ ಸೇರಿಸುವ ಇನ್ನೊಂದು ಪದ 'ಡಿಂಗಿ'. ಹಿಂದಿ, ಬಂಗಾಳಿ ಆಡುವ ನದೀತೀರಗಳಲ್ಲಿ ಚಿಕ್ಕ ದೋಣಿಗೆ ಡಿಂಗಿ ಎನ್ನುತ್ತಾರೆ. ಹಡಗಿನ ಮಂದಿ ಅದನ್ನು ತಮ್ಮೂರಿಗೆ ಒಯ್ದರು. 'ಗ' ಗಟ್ಟಿಯಾಗಿಯೇ ಉಳಿಯಲಿ, 'ಜ' ಆಗದಿರಲಿ ಎಂದು ನಡುವೆ ಒಂದು 'ಎಚ್' ಅಕ್ಷರವನ್ನೂ ತುರುಕಿದರು. ಇವತ್ತು ಡಿಂಗಿ ಎಂದರೆ ಒಬ್ಬರೋ ಇಬ್ಬರೋ ಕೂತು ಹಾಯಿ ಬಿಚ್ಚಿ ನಡೆಸುವ, ಮಾಡಿಲ್ಲದ, ಪುಟ್ಟ ದೋಣಿ.

ಹಾಯಿದೋಣಿ ನಡೆಸಲು ನನಗೆ ಬರುವುದಿಲ್ಲ. ಆದರೆ ಹೊಲಿಗೆ ಬರುತ್ತದೆ. ಡಿಂಗಿಯ ಚರಿತ್ರೆಯೊಳಕ್ಕೆ ನಾನು ಹೊಕ್ಕದ್ದು ಆ ಬಾಗಿಲಿನಿಂದಲೇ.

ಇಂಗ್ಲೆಂಡಿನಲ್ಲಿ ಹಾಯಿದೋಣಿಯ ವಿಹಾರ ಬಹಳ ಕಾಲ ದೊಡ್ಡವರ ಆಟವಾಗಿತ್ತು. 1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಡಚ್ಚರು ಅವನಿಗೆ ಒಂದು ವಿಹಾರನೌಕೆಯನ್ನು ಉಡುಗೊರೆ ಕೊಟ್ಟರು. ರಾಜ ಆಡಿದ ಆಟವನ್ನು ಸರದಾರರು ಆಡದೆ ಬಿಡುತ್ತಾರೆಯೆ? 1815ರಲ್ಲಿ ಶ್ರೀಮಂತರು ಸೇರಿ ಒಂದು ಕ್ಲಬ್ಬು ಕಟ್ಟಿದರು. ಅದೇ ಮುಂದೆ ರಾಯಲ್ ಯಾಚ್ ಸ್ಕ್ವಾಡ್ರನ್ ಎಂದು ಹೆಸರಾಯಿತು. ಅದಕ್ಕೆ ಸದಸ್ಯರಾಗಬೇಕಾದರೆ ಕನಿಷ್ಠ 10 ಟನ್ನಿನ ಸ್ವಂತ ನೌಕೆ ಇರಬೇಕಿತ್ತು. ಕಡಲು ಎಲ್ಲರದೇ, ಅದರ ಮೇಲೆ ತೇಲುವ ಹಕ್ಕು ಮಾತ್ರ ಚೀಲದಲ್ಲಿ ಹಣವಿದ್ದವರದು.

ಅಂಥವರ ನಡುವೆಯೂ ಒಂದು ಜಗಳವಿತ್ತು. ಹೆಚ್ಚು ಹಣವಿದ್ದವನು ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಚುರುಕಾದ ದೋಣಿಯನ್ನು ಕಟ್ಟಿಸುತ್ತಿದ್ದ. ಪಂದ್ಯ ನೀರಿನ ಮೇಲೆ ನಡೆಯುತ್ತಿದ್ದರೂ ತೀರ್ಮಾನವಾಗುತ್ತಿದ್ದುದು ಬಡಗಿಯ ಅಂಗಳದಲ್ಲಿ. ಐರ್ಲೆಂಡಿನ ಡಬ್ಲಿನ್ ಬಳಿ ಥಾಮಸ್ ಮಿಡಲ್ಟನ್ ಎಂಬವರು 1886ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಎಲ್ಲರ ದೋಣಿಯೂ ಒಂದೇ ಅಚ್ಚಿನದಾಗಿರಲಿ: ಅದೇ ಉದ್ದ, ಅದೇ ಅಗಲ, ಅದೇ ಹಾಯಿ. ಗೆಲ್ಲುವವನು ಕೈಚಳಕದಿಂದ ಗೆಲ್ಲಲಿ. ಮರುವರ್ಷ, 1887ರಲ್ಲಿ, 'ವಾಟರ್ ವ್ಯಾಗ್' ಎಂಬ ಹೆಸರಿನ ಪುಟ್ಟ ದೋಣಿಗಳು ಅಲ್ಲಿನ ಬಂದರಿನಲ್ಲಿ ಇಳಿದವು. ಒಂದೇ ಅಚ್ಚಿನ ದೋಣಿಗಳ ಪಂದ್ಯ ಎಂಬುದು ಜಗತ್ತಿನಲ್ಲಿ ಶುರುವಾದದ್ದು ಹೀಗೆ. ಶಾಲೆಗೆ ಸಮವಸ್ತ್ರ ತಂದವರ ಲೆಕ್ಕಾಚಾರವೂ ಇದೇ ಅಲ್ಲವೆ? ಸಮವಸ್ತ್ರದ ಕೆಳಗಿನ ಚಪ್ಪಲಿಯಲ್ಲಿ ಅಂತಸ್ತು ತೋರಿಸುವ ಮಕ್ಕಳು ನಮ್ಮಲ್ಲಿದ್ದಾರೆ, ಅದು ಬೇರೆ ಮಾತು.

ಈ ವಾಟರ್ ವ್ಯಾಗಿನ ಚರಿತ್ರೆಯಲ್ಲಿ ನಮ್ಮಂಥವರು ಕಣ್ಣಿಟ್ಟು ನೋಡಬೇಕಾದ ಒಂದು ಹೆಸರಿದೆ. 1900ರಲ್ಲಿ ಆ ದೋಣಿಯ ನಕ್ಷೆಯನ್ನು ಬದಲಾಯಿಸಿ, ತುಸು ದೊಡ್ಡದು ಮಾಡಿ, 14 ಅಡಿ 3 ಅಂಗುಲದ ಹೊಸ ಅಚ್ಚನ್ನು ತಂದರು. ಆ ನಕ್ಷೆ ಬರೆದವಳು ಮೇಮಿ ಡಾಯ್ಲ್ ಎಂಬ ಹೆಣ್ಣುಮಗಳು. ತಂದೆ ದೋಣಿ ಕಟ್ಟುವವನು. ಕಟ್ಟುವ ಅಂಗಳ ಅಪ್ಪನದು, ಗೆರೆ ಮಗಳದು. ಹೆಂಗಸರು ಮತ ಹಾಕುವಂತಿಲ್ಲದ ಕಾಲ ಅದು. ಆ ಗೆರೆಯ ದೋಣಿಗಳು ಡಬ್ಲಿನ್ನಿನ ಡನ್ ಲೇರಿ ಬಂದರಿನಲ್ಲಿ ಇವತ್ತಿಗೂ ಬೇಸಿಗೆಯ ಬುಧವಾರ ಸಂಜೆಗಳಲ್ಲಿ ಪಂದ್ಯಕ್ಕೆ ಇಳಿಯುತ್ತವೆ. ನೂರು ವರ್ಷ ದಾಟಿದ ದೋಣಿಗಳೂ ಅವುಗಳ ನಡುವೆ ಇವೆ. ಮೇಮಿಯ ಹೆಸರು ಉಳಿಯಿತು. ಅಪ್ಪನ ಅಂಗಳದಲ್ಲಿ, ಗಂಡನ ಅಂಗಡಿಯಲ್ಲಿ ಗೆರೆ ಎಳೆದುಕೊಟ್ಟು ಹೆಸರಿಲ್ಲದೆ ಹೋದವರು ಎಷ್ಟು ಮಂದಿಯೋ.

ಒಂದೇ ಅಚ್ಚಿನದಾದರೂ ದೋಣಿ ಅಗ್ಗವಾಗಲಿಲ್ಲ. ಹಲಗೆಯ ಮೇಲೆ ಹಲಗೆ ಏರಿಸಿ, ತಾಮ್ರದ ಮೊಳೆ ಹೊಡೆದು ಕಟ್ಟುವುದು ನುರಿತ ಬಡಗಿಯ ಕೆಲಸ. ಅದನ್ನು ಅಗ್ಗ ಮಾಡಿದ್ದು ಯುದ್ಧ, ಇದನ್ನು ಹೇಳಲು ಬಾಯಿ ಬರುವುದಿಲ್ಲವಾದರೂ. ಎರಡನೆಯ ಮಹಾಯುದ್ಧದಲ್ಲಿ ಮರದಿಂದ ವಿಮಾನ ಕಟ್ಟುವ ಅಗತ್ಯ ಬಂತು; ನೀರಿಗೂ ಬಿಡದ ಅಂಟು, ಎಳೆಎಳೆಯಾಗಿ ಅಂಟಿಸಿದ ಗಟ್ಟಿ ಪ್ಲೈವುಡ್ಡು ಬಂದವು. ಯುದ್ಧ ಮುಗಿದ ಮೇಲೆ ವಿಮಾನದ ಕಾರ್ಖಾನೆಯವರು ಅದೇ ವಿದ್ಯೆಯಿಂದ ದೋಣಿ ಮಾಡಲು ನಿಂತರು. ಊಫಾ ಫಾಕ್ಸ್ ನಕ್ಷೆ ಬರೆದ 'ಫೈರ್‌ಫ್ಲೈ' ಡಿಂಗಿ 1946ರಲ್ಲಿ ಹೀಗೆ ಬಂತು. ಎರಡೇ ವರ್ಷದಲ್ಲಿ, 1948ರ ಒಲಿಂಪಿಕ್ಸಿನಲ್ಲಿ, ಡೆನ್ಮಾರ್ಕಿನ 20 ವರ್ಷದ ಪಾಲ್ ಎಲ್ವ್‌ಸ್ಟ್ರೋಮ್ ಅದೇ ಮಾದರಿಯ ದೋಣಿಯಲ್ಲಿ ಚಿನ್ನ ಗೆದ್ದ. ಜ್ಯಾಕ್ ಹೋಲ್ಟ್ ಎಂಬ ಇನ್ನೊಬ್ಬ ನಕ್ಷೆಗಾರನಂತೂ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ದೋಣಿಗಳನ್ನು ಒಂದರ ಹಿಂದೊಂದರಂತೆ ಕೊಟ್ಟ. ಅವನ 'ಎಂಟರ್‌ಪ್ರೈಸ್' 1956ರದು. ನೀಲಿ ಹಾಯಿಯ ಆ ದೋಣಿ ನಮ್ಮ ದೇಶದ ಕೆರೆ ಜಲಾಶಯಗಳಿಗೂ ಬಂದು ಇಲ್ಲಿನವರ ಕೈಯಲ್ಲಿ ಪಳಗಿತು.

ಇನ್ನು ನಾನು ಹೇಳಬೇಕೆಂದಿರುವ ದೋಣಿಗೆ ಬರುತ್ತೇನೆ. ಅದರ ಹೆಸರು 'ಮಿರರ್'. ಲಂಡನ್ನಿನ 'ಡೈಲಿ ಮಿರರ್' ದುಡಿಯುವ ಜನ ಓದುವ ಪತ್ರಿಕೆ. ಸಾಮಾನ್ಯರ ಮನೆಗೂ ಒಂದು ಹಾಯಿದೋಣಿ ಬರಲಿ ಎಂದು ಆ ಪತ್ರಿಕೆ ಹೊರಟಿತು. ನಕ್ಷೆಗೆ ಜ್ಯಾಕ್ ಹೋಲ್ಟ್ ಒಬ್ಬನಾದರೆ, ಅವನ ಜೊತೆ ಬ್ಯಾರಿ ಬಕ್ನೆಲ್. ಈ ಬಕ್ನೆಲ್ ಟಿ.ವಿ.ಯಲ್ಲಿ ಮನೆರಿಪೇರಿ ಕಲಿಸಿ ಮನೆಮಾತಾಗಿದ್ದವನು. ಹಳೆಯ ಹಲಗೆ ಬಾಗಿಲುಗಳಿಗೆ ಹಾರ್ಡ್‌ಬೋರ್ಡು ಹೊಡೆದು ಸಪಾಟು ಮಾಡುವುದನ್ನು ಊರಿಗೆಲ್ಲ ಹೇಳಿಕೊಟ್ಟ. ಮುಂದಿನ ತಲೆಮಾರಿನವರು ಅವನನ್ನು ಬೈಯುತ್ತಾ ಆ ಹಾರ್ಡ್‌ಬೋರ್ಡನ್ನು ಕಿತ್ತರು. ಬಾಗಿಲಿನ ವಿಷಯ ಹಾಗಿರಲಿ, ದೋಣಿಯ ಮಟ್ಟಿಗೆ ಅವನು ಪುಣ್ಯಾತ್ಮ. 1963ರ ಜನವರಿಯಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ಮಿರರ್ ಕಾಣಿಸಿಕೊಂಡಿತು. 10 ಅಡಿ 10 ಅಂಗುಲ ಉದ್ದ, 45 ಕಿಲೋ ಚಿಲ್ಲರೆ ತೂಕ, ಚಪ್ಪಟೆ ಮೂತಿ, ಕೆಂಪು ಹಾಯಿ. ಹಾಯಿಕಂಬವನ್ನು ಎರಡು ತುಂಡು ಮಾಡಿದ್ದರು. ಎಲ್ಲವನ್ನೂ ದೋಣಿಯೊಳಗೇ ಮಲಗಿಸಿ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೋಗಬಹುದಾಗಿತ್ತು. ಕತ್ತರಿಸಿದ ಪ್ಲೈವುಡ್ಡಿನ ತುಂಡು, ತಂತಿ, ಅಂಟು ಎಲ್ಲವನ್ನೂ ಕಟ್ಟಿ ಕೊಡುತ್ತಿದ್ದರು. ಬೆಲೆ 63 ಪೌಂಡು ಚಿಲ್ಲರೆ. ಆಗಿನ ಕಾರ್ಖಾನೆ ಕೆಲಸಗಾರನಿಗೆ ಅದು ಸುಮಾರು ಒಂದು ತಿಂಗಳ ದುಡಿಮೆ. ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ಮಿರರ್ ದೋಣಿಗಳಾಗಿವೆ.

ಇದನ್ನು ಕಟ್ಟುವ ಬಗೆಯಿದೆಯಲ್ಲ, ಅದು ನಮಗೆ ಬಡಗಿಗಿಂತ ಬೇಗ ಅರ್ಥವಾಗುತ್ತದೆ. ರವಿಕೆಯ ಬಟ್ಟೆ ಚಪ್ಪಟೆ. ಮೈ ಚಪ್ಪಟೆಯಲ್ಲ. ಬಟ್ಟೆಯ ಅಂಚನ್ನು ಸರಿಯಾದ ಬಾಗಿನಲ್ಲಿ ಕತ್ತರಿಸಿ, ಟಕ್ಸು ಹಿಡಿದು, ಅಂಚಿಗೆ ಅಂಚು ಕೂಡಿಸಿದರೆ ಚಪ್ಪಟೆ ಬಟ್ಟೆ ತಾನಾಗಿ ಉಬ್ಬಿಗೆ ಬರುತ್ತದೆ. ಮಿರರ್ ದೋಣಿಯೂ ಹಾಗೆಯೇ. ಪ್ಲೈವುಡ್ಡಿನ ತುಂಡುಗಳ ಅಂಚಿನುದ್ದಕ್ಕೂ ಸಣ್ಣ ತೂತು ಕೊರೆಯುತ್ತಾರೆ. ಎರಡು ತುಂಡಿನ ತೂತುಗಳನ್ನು ಹೊಂದಿಸಿ ತಾಮ್ರದ ತಂತಿ ಪೋಣಿಸಿ, ಹೊರಗಡೆಯಿಂದ ಇಕ್ಕುಳದಲ್ಲಿ ತಿರುಚುತ್ತಾರೆ. ಒಂದೊಂದು ಹೊಲಿಗೆ ಬಿಗಿಯುತ್ತ ಹೋದ ಹಾಗೆ ನೆಲದ ಮೇಲೆ ಬಿದ್ದಿದ್ದ ಹಲಗೆ ಎದ್ದು ದೋಣಿಯಾಗುತ್ತದೆ. ಆಮೇಲೆ ಒಳಗಿನ ಮೂಲೆಗಳಿಗೆ ಗಾಜುನಾರಿನ ಪಟ್ಟಿ ಇಟ್ಟು ಅಂಟು ಕುಡಿಸುತ್ತಾರೆ. ಅಂಟು ಒಣಗಿದ ಮೇಲೆ ಹೊರಗಿನ ತಂತಿಯ ಗಂಟುಗಳನ್ನು ಕತ್ತರಿಸಿ, ಅಂಚನ್ನು ಉಜ್ಜಿ ದುಂಡು ಮಾಡಿ, ಹೊರಗೂ ಪಟ್ಟಿ ಹಾಕುತ್ತಾರೆ. ಅಂದರೆ ತಂತಿಯದು ಕಚ್ಚಾ ಹೊಲಿಗೆ. ಮಿಶನ್ನಿನ ಹೊಲಿಗೆ ಬೀಳುವ ತನಕ ಬಟ್ಟೆಯನ್ನು ಹಿಡಿದಿಡುತ್ತದಲ್ಲ, ಅಷ್ಟೇ ಅದರ ಕೆಲಸ.

ಈ ಉಪಾಯ ಬಕ್ನೆಲ್‌ಗೆ ಎಲ್ಲಿಂದ ಬಂತು? ಕೆನ್ ಲಿಟಲ್‌ಡೈಕ್ ಎಂಬ ಮೇಷ್ಟ್ರಿಂದ. ಮರಗೆಲಸ ಕಲಿಸುತ್ತಿದ್ದ ಆತ ಪುಟ್ಟ ಕಾಯಾಕ್ ದೋಣಿಗಳನ್ನು ಮೊದಲು ಮೀನಿನ ಗಾಳದ ದಾರದಿಂದ, ಆಮೇಲೆ ತಾಮ್ರದ ತಂತಿಯಿಂದ ಹೊಲಿದು ನೋಡಿದ್ದ. ಮಕ್ಕಳ ಕೈಯಲ್ಲಿ ಏನು ಸಾಧ್ಯ ಎಂಬುದು ಮೇಷ್ಟ್ರಿಗೆ ತಿಳಿದ ಹಾಗೆ ಕಾರ್ಖಾನೆಯವನಿಗೆ ತಿಳಿಯುವುದಿಲ್ಲ. ನಮ್ಮ ವೃತ್ತಿಯವರ ಪರವಾಗಿ ಇನ್ನೊಂದು ಸಂಗತಿ ಹೇಳಿಯೇ ಬಿಡುತ್ತೇನೆ. 1997ರಲ್ಲಿ ಶ್ರಾಪ್‌ಷೈರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಎ.ಜೆ. ಮ್ಯಾಕಿನನ್ ಎಂಬವರು ಕೆಲಸ ಬಿಟ್ಟು ಒಂದು ಹಳೆಯ ಮಿರರ್ ದೋಣಿ ಹತ್ತಿ ಹೊರಟರು. ಕಾಲುವೆ, ನದಿಗಳ ದಾರಿ ಹಿಡಿದು, ಇಂಗ್ಲಿಷ್ ಕಾಲುವೆ ದಾಟಿ, ಸುಮಾರು 4,900 ಕಿ.ಮೀ. ಹೋಗಿ ರುಮೇನಿಯಾದ ಬಳಿ ಕಪ್ಪು ಸಮುದ್ರವನ್ನು ಮುಟ್ಟಿದರು. ಆ ಪ್ರಯಾಣದ ಬಗ್ಗೆ ಪುಸ್ತಕವನ್ನೂ ಬರೆದರು. ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುವ ಮಾತನ್ನೇ ಇಪ್ಪತ್ತು ವರ್ಷದಿಂದ ಆಡುತ್ತಿರುವ ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ನಾನು ಈ ಕಥೆಯನ್ನು ಹೇಳಿದೆ. ಯಾರೂ ಎದ್ದು ಹೋಗಲಿಲ್ಲ.

ಹೊಲಿದ ದೋಣಿ ಎಂದ ಕೂಡಲೇ ನಮ್ಮ ಕರಾವಳಿಯವರಿಗೆ ಬೇರೊಂದು ನೆನಪಾಗಬೇಕು. ಅರಬ್ಬೀ ಸಮುದ್ರದ ಈ ದಂಡೆಯಲ್ಲಿ ಮೊಳೆಯಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆ ಹೊಲಿದು ಹಡಗು ಕಟ್ಟುತ್ತಿದ್ದರು. 14ನೆಯ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಅದರ ಕಾರಣವನ್ನೂ ಬರೆದಿದ್ದಾನೆ. ಈ ಕಡಲಿನಲ್ಲಿ ಬಂಡೆಗಳು ಹೆಚ್ಚು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಇದೇ ಇಬ್ನ್ ಬತೂತ ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಬರೆದವನು. ಹೆಣ್ಣುಮಕ್ಕಳ ಶಾಲೆಗೆ ಅರ್ಜಿ ಹಿಡಿದು ಓಡಾಡಿದ ನಾನು ಆ 13 ಎಂಬ ಅಂಕಿಯನ್ನು ಎಷ್ಟು ಸಲ ಓದಿದ್ದೇನೋ. ಮದ್ರಾಸಿನ ಕಡೆ ಅಬ್ಬರದ ಅಲೆಗಳ ನಡುವೆ ಹಡಗಿನ ಜನರನ್ನು ದಡಕ್ಕೆ ತರುತ್ತಿದ್ದ ಮಸೂಲಾ ದೋಣಿಗಳೂ ಹೊಲಿದವುಗಳೇ. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರು. ಅಜಂತೆಯ ಒಂದು ಚಿತ್ರವನ್ನು ನೋಡಿ ರೂಪಿಸಿದ್ದು ಅದು. ಕೇರಳದ ಕುಶಲಿಗಳು ನಾರಿನ ಹುರಿಯಲ್ಲಿ ಹೊಲಿದು, ಮರದ ಅಂಟು ಬಳಿದು ಕಟ್ಟಿದರು.

ಲಂಡನ್ನಿನವರು ಇದನ್ನು ನಮ್ಮಿಂದ ಕದ್ದರು ಎಂದು ಹೇಳುವ ಚಪಲ ನನಗಿಲ್ಲ. ನಮ್ಮ ಹಡಗಿನಲ್ಲಿ ಹೊಲಿಗೆಯೇ ಬಲ. ಹುರಿ ಹರಿದರೆ ಹಡಗಿಲ್ಲ. ಅವರದರಲ್ಲಿ ಅಂಟೇ ಬಲ, ತಂತಿ ನಾಲ್ಕು ದಿನದ ಆಳು. ಎರಡೂ ಬೇರೆ ಬೇರೆ ವಿದ್ಯೆ. ಕೈ ಮಾತ್ರ ಒಂದೇ ರೀತಿ ಆಡುತ್ತದೆ.

2024ರ ಏಪ್ರಿಲ್ ರಜೆಯಲ್ಲಿ ನಾನು ಇಂಗ್ಲೆಂಡಿಗೆ, ಮಗಳ ಮನೆಗೆ ಹೋಗಿದ್ದೆ. ಸಮುದ್ರದಿಂದ ದೂರದ ಊರು. ಊರ ಹೊರಗೊಂದು ಜಲಾಶಯ, ಅದರ ದಡದಲ್ಲಿ ಸಣ್ಣ ಹಾಯಿದೋಣಿ ಕ್ಲಬ್ಬು. ಪಕ್ಕದ ಮನೆಯಲ್ಲಿ ಬಸ್ಸು ಚಾಲಕನಾಗಿ ನಿವೃತ್ತನಾದವನು, ಅವನ ಹೆಂಡತಿ. ಒಂದು ಮಧ್ಯಾಹ್ನ ಮಗಳು "ಆಯಿ, ಬೇಗ ಬಾ, ಇವರ ಗ್ಯಾರೇಜಿನಲ್ಲಿ ಒಂದು ದೋಣಿಯಿದೆ, ಹೊಲಿದದ್ದಂತೆ" ಎಂದು ಕರೆದಳು. ಜೂನಿನಲ್ಲಿ ಆ ಕ್ಲಬ್ಬಿನಲ್ಲಿ ಹಳೆಯ ಡಿಂಗಿಗಳ ಕೂಟ. ಅದಕ್ಕೆ ಸಿದ್ಧತೆ ನಡೆದಿತ್ತು. ಮಿರರ್ ದೋಣಿ ಎರಡು ಮರದ ಸ್ಟೂಲುಗಳ ಮೇಲೆ ಬೋರಲಾಗಿ ಮಲಗಿತ್ತು. 1966ರಲ್ಲಿ ಆಕೆಯ ತಂದೆ ಕಟ್ಟಿದ್ದು. ಆಗ ಆಕೆಗೆ ಒಂಬತ್ತು ವರ್ಷ. ಮುಂದಿನ ಮೂತಿಯ ಒಳಗೆ ತಂದೆಯ ಕೈ ಹೋಗುತ್ತಿರಲಿಲ್ಲವಂತೆ. ಒಳಗಿನಿಂದ ತಂತಿ ತೂರಿಸಿ ಹೊರಗೆ ಕೊಡುತ್ತಿದ್ದುದು ಈಕೆ. ಹೊರಗೆ ಇಕ್ಕುಳ ಹಿಡಿದು ತಿರುಚುತ್ತಿದ್ದುದು ಅಪ್ಪ.

ಐದು ವಾರ ನಾನು ದಿನಾ ಸಂಜೆ ಆ ಗ್ಯಾರೇಜಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ಮಗಳಿಗೆ ಸ್ವಲ್ಪ ಸಂಕೋಚವೇ ಆಯಿತು, ಆಗಲಿ. ಮೊದಲ ಕೆಲಸ ಪರೀಕ್ಷೆ. ಆಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಯನ್ನು ಅಂಗುಲ ಅಂಗುಲ ಬಡಿದು ಕಿವಿಗೊಟ್ಟು ಕೇಳಿದಳು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನಾವು ಬಡಿದು ನೋಡುವ ಹಾಗೆಯೇ. ಗಟ್ಟಿ ಮರ 'ಟಕ್' ಎನ್ನುತ್ತದೆ, ಕೊಳೆತದ್ದು 'ದಬ್'. ಮೂತಿಯ ಎಡಮೂಲೆಯಲ್ಲಿ 'ದಬ್' ಎಂದಿತು. ಎಷ್ಟೋ ಚಳಿಗಾಲ ಎಲೆ ಬಿದ್ದು, ನೀರು ನಿಂತು, ಅಲ್ಲಿ ಪ್ಲೈವುಡ್ಡು ನೆನೆದ ರಸ್ಕಿನಂತಾಗಿತ್ತು.

ಅಲ್ಲಿಂದ ಗಂಡ ಹೆಂಡಿರಲ್ಲಿ ವಾದ ಶುರುವಾಯಿತು. ಮೂತಿಯ ಹಲಗೆಯನ್ನೇ ಇಡಿಯಾಗಿ ತೆಗೆದು ಹೊಸದು ಹಾಕೋಣ, ಚೊಕ್ಕವಾಗುತ್ತದೆ ಎಂದು ಅವನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ದೂರದಲ್ಲಿದ್ದ ಮಗ ಫೋನಿನಲ್ಲಿ, ಆ ದುಡ್ಡಿಗೆ ಫೈಬರಿನ ದೋಣಿಯೇ ಬರುತ್ತದೆ ಎಂದ. ಹಿಂದಿನ ವರ್ಷವೇ ಅದನ್ನು ಕಸದವರಿಗೆ ಕೊಡುವ ಮಾತಾಗಿತ್ತಂತೆ. ಆಕೆ ಏನೂ ಹೇಳದೆ ಟಾರ್ಚು ಹಿಡಿದು ನನಗೆ ಆ ಹಲಗೆಯ ಒಳಮೈ ತೋರಿಸಿದಳು. ಪೆನ್ಸಿಲಿನಲ್ಲಿ ಅಡಿ ಅಂಗುಲಗಳ ಕೂಡಿಸುವ ಲೆಕ್ಕ, ಕೆಳಗೊಂದು ತಾರೀಕು. ಲೆಕ್ಕದಲ್ಲಿ ಒಂದು ಕಡೆ ದಶಕ ತಪ್ಪಿತ್ತು. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಮಾಡಿದ್ದು ಬೇರೆ ಕೈ, ಮಗುವಿನ ಕೈ. ಕೊನೆಗೆ ಅಂಗೈಯಗಲ ಮಾತ್ರ ಕತ್ತರಿಸುವುದೆಂದಾಯಿತು.

ಕತ್ತರಿಸಿದ ಜಾಗದ ಅಂಚನ್ನು ಇಳಿಜಾರಾಗಿ ಹೆರೆದು, ಅದೇ ಇಳಿಜಾರಿನ ಹೊಸ ತುಂಡನ್ನು ಕೂರಿಸಿದರು. ಎಪಾಕ್ಸಿ ಅಂಟಿಗೆ ಮರದ ಹುಡಿ ಕಲಸಿದ್ದು ಮೊದಲು ದೋಸೆ ಹಿಟ್ಟಿನ ಹದ, ಆಮೇಲೆ ಹುಡಿ ಸೇರಿಸಿ ವಡೆ ಹಿಟ್ಟಿನ ಹದ. ಅಲ್ಲಿನ ಚಳಿಗೆ ಅಂಟು ಹಿಡಿಯದೆಂದು ರಾತ್ರಿಯಿಡೀ ಬಿಸಿನೀರಿನ ಚೀಲ ಇಟ್ಟಳು. ಕಾಲದಿಂದ ಬಿಟ್ಟುಕೊಂಡ ಹಳೆಯ ಪಟ್ಟಿಗಳನ್ನು ಬಿಸಿಗಾಳಿ ಹಾಯಿಸಿ ಸುಲಿದಾಗ ಒಳಗೆ ಸಾಲಾಗಿ ಹಸಿರು ಚುಕ್ಕೆಗಳು ಕಂಡವು. ಹುಣಸೆಹಣ್ಣು ಕಾಣದ ತಾಮ್ರದ ಕೊಡಕ್ಕೆ ಹಿಡಿಯುತ್ತದಲ್ಲ, ಆ ಹಸಿರು. 1966ರ ಹೊಲಿಗೆಗಳು. ಆಕೆ ಅವುಗಳ ಮೇಲೆ ಬೆರಳಾಡಿಸಿ, ಎಲ್ಲಿ ಅಪ್ಪ ಬಿಗಿ ಮಾಡಿದ್ದ, ಎಲ್ಲಿ ತಂತಿ ತುಂಡಾಗಿ ಬೈದಿದ್ದ ಎಂದು ಹೇಳುತ್ತಾ ಹೋದಳು. ಹೊಸ ಪಟ್ಟಿ ಹಾಕುವಾಗ ನನ್ನ ಕೈಗೂ ಒಂದು ಕುಂಚ ಕೊಟ್ಟರು. ಪಟ್ಟಿಯ ಅಂಚಿನಲ್ಲಿ ಗಾಳಿ ಕೂರದಂತೆ ಒತ್ತುವುದು ಗೋಟು ಹಚ್ಚಿದವರಿಗೆ ಕಷ್ಟವಲ್ಲ.

ಮಿರರಿನ ಪಕ್ಕಗಳಲ್ಲಿ, ಮುಂದೆ, ಹಿಂದೆ ಮುಚ್ಚಿದ ಗಾಳಿಪೆಟ್ಟಿಗೆಗಳಿವೆ. ದೋಣಿ ಮಗುಚಿದರೂ ಮುಳುಗದಂತೆ ಕಾಯುವುದು ಅವೇ. ಅವುಗಳಲ್ಲಿ ಸೋರಿಕೆಯಿದೆಯೇ ಎಂದು ನೋಡಲು ಬಿರಡೆಯ ತೂತಿನಿಂದ ಮೆಲ್ಲಗೆ ಗಾಳಿ ತುಂಬಿ, ಸಂದಿಗಳಿಗೆ ಸೋಪಿನ ನೀರು ಹಚ್ಚಿದರು. ಗ್ಯಾಸಿನ ಸಿಲಿಂಡರಿಗೆ ನಾವು ಮಾಡುವ ಪರೀಕ್ಷೆ. ಮೂರು ಕಡೆ ಗುಳ್ಳೆ ಎದ್ದಿತು, ಮೂರಕ್ಕೂ ಮದ್ದಾಯಿತು. ಆಮೇಲೆ ವಾರ್ನಿಷು. ಅದು ಅವನ ಇಲಾಖೆ. ಒಂದು ಕೈ ಬಳಿದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಒರೆಸಿ ಮತ್ತೆ ಬಳಿಯುವುದು. ಹೀಗೆ ನಾಲ್ಕು ಸಲ. ಧೂಳೇಳಬಾರದೆಂದು ಗ್ಯಾರೇಜಿನಲ್ಲಿ ಯಾರೂ ಕಾಲೆಳೆದು ನಡೆಯುವ ಹಾಗಿಲ್ಲ. ಮೂರನೆಯ ಬಳಿತದ ರಾತ್ರಿ ಮನೆಯ ಬೆಕ್ಕು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗಿ ತನ್ನ ಹಾಜರಿ ಹಾಕಿತ್ತು. ಬಸ್ಸು ನಡೆಸುವವರ ಭಾಷೆ ಎಲ್ಲ ದೇಶದಲ್ಲೂ ಒಂದೇ ಎಂದು ಅವತ್ತು ತಿಳಿಯಿತು.

ಕೂಟಕ್ಕೆ ಹೆಸರು ಕೊಡುವ ಫಾರಮು ಬಂತು. ದೋಣಿಯ ಹೆಸರು, ಹಾಯಿಯ ಸಂಖ್ಯೆ, ಕಟ್ಟಿದ ವರ್ಷ, ಕಟ್ಟಿದವರು. ಆಕೆ ಮೇಜಿನ ಮುಂದೆ ಕೂತು ತಂದೆಯ ಹೆಸರು ಬರೆದಳು. ಪೆನ್ನು ಮುಚ್ಚಿದಳು. ನಾನು ಸುಮ್ಮನಿರಬಹುದಿತ್ತು, ಪರರ ಮನೆ, ಪರದೇಶ. "ಒಳಗಿನ ಹೊಲಿಗೆ ಯಾರದು?" ಎಂದು ಕೇಳಿದೆ. ಆಕೆ ನನ್ನನ್ನು ನೋಡಿ, ಗಂಡನನ್ನು ನೋಡಿ, ಮತ್ತೆ ಪೆನ್ನು ತೆಗೆದು ತಂದೆಯ ಹೆಸರಿನ ಪಕ್ಕದಲ್ಲಿ ತನ್ನ ಹುಟ್ಟುಮನೆಯ ಹೆಸರನ್ನು ಬರೆದಳು. ಜಾಗ ಸಾಲದೆ ಅಕ್ಷರ ಅಂಚಿಗೆ ಹೋಗಿತ್ತು. ಗಂಡ ಚಹಾ ಮಾಡಲು ಎದ್ದ.

ಇಂಥ ಕೂಟಕ್ಕೆ ಬರುವ ದೋಣಿಗಳು ಒಂದೇ ಅಚ್ಚಿನವಲ್ಲ. ಉದ್ದ ದೋಣಿ, ಗಿಡ್ಡ ದೋಣಿ, ದೊಡ್ಡ ಹಾಯಿ, ಚಿಕ್ಕ ಹಾಯಿ ಎಲ್ಲ ಕೂಡಿಯೇ ಹೊರಡುತ್ತವೆ. ಹಾಗಾದರೆ ಗೆದ್ದವರು ಯಾರು ಎಂದು ಹೇಗೆ ಹೇಳುವುದು? ಅದಕ್ಕೆ ಅವರಲ್ಲಿ ಪೋರ್ಟ್ಸ್‌ಮತ್ ಅಂಕಿ ಎಂಬ ಲೆಕ್ಕವಿದೆ. ಒಂದೊಂದು ಜಾತಿಯ ದೋಣಿಗೂ ಒಂದೊಂದು ಅಂಕಿ. ನಿಧಾನದ ದೋಣಿಗೆ ದೊಡ್ಡ ಅಂಕಿ, ಚುರುಕಿನದಕ್ಕೆ ಚಿಕ್ಕದು. ಮಿರರಿಗೆ ಸುಮಾರು 1390, ಎಂಟರ್‌ಪ್ರೈಸಿಗೆ ಸುಮಾರು 1120. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಈ ಅಂಕಿಯಿಂದ ಭಾಗಿಸಬೇಕು. ಎಂಟರ್‌ಪ್ರೈಸ್ 56 ನಿಮಿಷದಲ್ಲಿ ಬಂದರೆ ಲೆಕ್ಕಕ್ಕೆ 50 ನಿಮಿಷ. ಮಿರರ್ ಅದರ ಹಿಂದೆ 69 ನಿಮಿಷ 30 ಸೆಕೆಂಡಿಗೆ ಬಂದರೂ ಲೆಕ್ಕಕ್ಕೆ ಅದೇ 50. ಇಬ್ಬರೂ ಸಮ. ಈ ಅಂಕಿಗಳನ್ನು ಯಾರೋ ಕೂತು ಊಹಿಸಿ ಬರೆದದ್ದಲ್ಲ. ಕ್ಲಬ್ಬುಗಳು ಕಳಿಸುವ ನಿಜವಾದ ಪಂದ್ಯಗಳ ಫಲಿತಾಂಶ ನೋಡಿ ತಿದ್ದುತ್ತಾರೆ. ಡಬ್ಲಿನ್ನಿನವರು ದೋಣಿಗಳನ್ನು ಒಂದೇ ಮಾಡಿ ನ್ಯಾಯ ಹುಡುಕಿದರು, ಇವರು ಬೇರೆಬೇರೆಯಾಗಿಯೇ ಇರಲು ಬಿಟ್ಟು ಗಣಿತದಿಂದ ಹುಡುಕಿದರು. ನನಗೆ ಎರಡನೆಯದೇ ಮೆಚ್ಚಿಗೆ. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಇಂಥದೊಂದು ಅಂಕಿ ಇಟ್ಟು ತಿದ್ದುವಂತಿದ್ದರೆ ಎಂದು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂತಾಗೆಲ್ಲ ಅನ್ನಿಸುತ್ತದೆ.

ಮೇ ಕೊನೆಗೆ ಶಾಲೆ ಶುರುವಾಗುವುದರಿಂದ ಕೂಟದ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಆ ಭಾನುವಾರ ರಾತ್ರಿ ಮಗಳು ಫೋನು ಮಾಡಿದಳು. ಹೊರಡುವ ಮೊದಲು ಒಂದು ಗಂಟೆ ಗಾಳಿಯೇ ಇರಲಿಲ್ಲವಂತೆ, ಹತ್ತೊಂಬತ್ತು ದೋಣಿಗಳು ನೀರಿನ ಮೇಲೆ ಬಾತುಕೋಳಿಗಳ ಹಾಗೆ ನಿಂತಿದ್ದವು. ಆಮೇಲೆ ಗಾಳಿಯೂ ಮಳೆಯೂ ಒಟ್ಟಿಗೆ ಬಂದವು. ಚುಕ್ಕಾಣಿ ಹಿಡಿದವಳು ಆಕೆ, ಮುಂದಿನ ಹಾಯಿ ಅವನದು. ದಡ ಮುಟ್ಟುವಾಗ ಕೊನೆಯಿಂದ ಮೂರನೆಯವರು. ಭಾಗಾಕಾರ ಮುಗಿಸಿದ ಮೇಲೆ ಒಂಬತ್ತನೆಯವರು. ಮೂತಿಯ ತೇಪೆ ಒಂದು ಹನಿಯನ್ನೂ ಬಿಟ್ಟಿಲ್ಲ. ದೋಣಿಯ ನಡುವೆ ಕೆಳಕ್ಕೆ ಇಳಿಬಿಡುವ ಹಲಗೆಯ ಗೂಡಿನ ಬುಡದಲ್ಲಿ ಮಾತ್ರ ಒಂದು ಲೋಟದಷ್ಟು ನೀರು ಸೇರಿತ್ತು. ಅದನ್ನು ನಾವು ಯಾರೂ ಬಡಿದು ನೋಡಿರಲಿಲ್ಲ. ಮರುದಿನವೇ ದೋಣಿ ಮತ್ತೆ ಸ್ಟೂಲುಗಳ ಮೇಲೆ ಏರಿದೆಯಂತೆ, ಬೆಕ್ಕನ್ನು ಒಳಗೆ ಕಟ್ಟಿಹಾಕಿದ್ದಾರಂತೆ.